ಮೂರನೇ ಓಟಕ್ಕೆ ದಮ್ಮು ಕಟ್ಟುವ ಟ್ರಕ್ಕು: ಸೂಪರ್‌ಚಾರ್ಜರ್ ದಕ್ಷತೆ ಮತ್ತು ಕೂಲಿಂಗ್ ಕುರಿತ ಒಂದು ಪ್ರಕರಣ ಅಧ್ಯಯನ

ವಾಹನ 2003ರ ಷೆವರ್ಲೆ ಸಿಲ್ವರಾಡೊ 1500. ಎಲ್‌ಎಮ್7 ಹೆಸರಿನ 5.3 ಲೀಟರ್ ವಿ8 ಪೆಟ್ರೋಲ್ ಎಂಜಿನ್, ಕಂಪ್ರೆಷನ್ ಅನುಪಾತ 9.5ಕ್ಕೆ 1, ನಾಲ್ಕು ಗೇರಿನ ಆಟೊಮ್ಯಾಟಿಕ್. ಎಂಜಿನ್ನಿನ ಒಳಗೆ ಯಾರೂ ಕೈಹಾಕಿಲ್ಲ. ಪಿಸ್ಟನ್, ಕ್ಯಾಮ್ ಎಲ್ಲ ಕಾರ್ಖಾನೆಯವೇ. ಮೇಲೆ ಕೂರಿಸಿರುವುದು ಈಟನ್ ಎಮ್112 ರೋಟರ್‌ಗಳ ರೂಟ್ಸ್ ಮಾದರಿಯ ಬ್ಲೋವರ್, ಅಂದರೆ ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸೂಪರ್‌ಚಾರ್ಜರ್. ಒಂದು ಸುತ್ತಿಗೆ ಅದು 112 ಘನ ಇಂಚು, ಅಂದರೆ ಸುಮಾರು 1.83 ಲೀಟರ್ ಗಾಳಿಯನ್ನು ದಾಟಿಸುತ್ತದೆ. ಕ್ರ್ಯಾಂಕ್ ಪುಲ್ಲಿ 190 ಮಿ.ಮೀ., ಬ್ಲೋವರ್ ಪುಲ್ಲಿ 90 ಮಿ.ಮೀ.; ಎಂಜಿನ್ 5500 ಆರ್‌ಪಿಎಂನಲ್ಲಿದ್ದರೆ ಬ್ಲೋವರ್ 11,600ರಲ್ಲಿ ತಿರುಗುತ್ತಿರುತ್ತದೆ. ಬ್ಲೋವರ್ ಅಡಿಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗೇ, ಬ್ಲೋವರಿನಿಂದ ಬಿಸಿಯಾಗಿ ಬಂದ ಗಾಳಿಯನ್ನು ನೀರಿನಿಂದ ತಣಿಸುವ ಇಂಟರ್‌ಕೂಲರ್ ಕೋರ್. ಅದಕ್ಕೆ ಗ್ರಿಲ್ ಹಿಂದೆ ಪ್ರತ್ಯೇಕ ರೇಡಿಯೇಟರ್, ನಡುವೆ 12 ವೋಲ್ಟಿನ ಪಂಪು. ಪೆಟ್ರೋಲ್ ಅಮೆರಿಕದ ಲೆಕ್ಕದ 91 ಆಕ್ಟೇನ್.

ದೂರು ಇಷ್ಟೆ. ಬಿಸಿಲ ದಿನ ಮೊದಲ ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಟ್ರಕ್ಕು ಚೆನ್ನಾಗಿ ಎಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎರಡನೇ, ಮೂರನೇ ಸಲ ಒತ್ತಿದರೆ ದಮ್ಮು ಕಟ್ಟಿದ ಹಾಗೆ ಆಗುತ್ತದೆ. ಮಾಲೀಕರ ತೀರ್ಮಾನ ಆಗಲೇ ಆಗಿತ್ತು: ಎಮ್112 ಹಳೆಯ ತಲೆಮಾರಿನದು, ದಕ್ಷತೆ ಕಡಿಮೆ, ಗಾಳಿಯನ್ನು ವಿಪರೀತ ಕಾಯಿಸುತ್ತದೆ, ಅದನ್ನು ತೆಗೆದು ಈಟನ್ನಿನದೇ ಹೊಸ ತಲೆಮಾರಿನ ಬ್ಲೋವರ್ ಟಿವಿಎಸ್ 1900 ಹಾಕಬೇಕು. ದಕ್ಷತೆಯ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಈ ದೂರಿಗೆ ಅದೇ ಕಾರಣವೇ ಎನ್ನುವುದು ಬೇರೆ ಪ್ರಶ್ನೆ.

ಮೊದಲ ಅಳತೆಗಳು

ಸಾಮಾನ್ಯ ಶಂಕೆಗಳನ್ನು ಬೇಗ ಬದಿಗಿಡಲಾಯಿತು. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಪ್ರಕಾರ ಪೂರ್ಣ ಲೋಡಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.7, ಮುಂದೆ ಹೇಳುವ ಮೂರೂ ಪೂರ್ಣ ಓಟಗಳಲ್ಲಿ ಹಾಗೆಯೇ ಇತ್ತು. ಪೆಟ್ರೋಲ್ ಒತ್ತಡ 400 ಕಿಲೋಪ್ಯಾಸ್ಕಲ್‌ನಿಂದ ಅಲುಗಲಿಲ್ಲ. ಪ್ಲಗ್‌ಗಳು ಒಂದು ದರ್ಜೆ ತಣ್ಣನೆಯವು, ಗ್ಯಾಪ್ 0.9 ಮಿ.ಮೀ.; ಅದೂ ಸರಿ.

ತೊಡಕು ಇದ್ದದ್ದು ಸೆನ್ಸರಿನ ಜಾಗದಲ್ಲಿ. ಈ ಎಂಜಿನ್ನಿನಲ್ಲಿ ಒಳಬರುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಏರ್‌ಫ್ಲೋ ಮೀಟರಿನ ಒಳಗೇ ಇರುತ್ತದೆ, ಅಂದರೆ ಬ್ಲೋವರಿಗಿಂತ ಮುಂಚೆ. ಅದು 41° ಸೆ. ತೋರಿಸುತ್ತಿತ್ತು. ಬ್ಲೋವರ್ ದಾಟಿ, ಇಂಟರ್‌ಕೂಲರ್ ದಾಟಿ ಸಿಲಿಂಡರಿಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ ಎಂಬುದು ಎಂಜಿನ್ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಹಾಗಾಗಿ ಅದು ಮುಂಜಾಗ್ರತೆಯಿಂದ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಇಳಿಸುವುದಿಲ್ಲ. ನಾಕಿಂಗ್, ಅಂದರೆ ಬಿಸಿಗೆ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾಗಿ ನಾಕ್ ಸೆನ್ಸರ್ ಕೂಗಿದ ಮೇಲಷ್ಟೇ ಇಳಿಸುತ್ತದೆ. ಬ್ಲೋವರ್ ಹಾಕಿದ ಎಷ್ಟೋ ಟ್ರಕ್ಕುಗಳು ಹೀಗೇ ಕುರುಡಾಗಿ ಓಡುತ್ತಿರುತ್ತವೆ.

ಆದ್ದರಿಂದ ಮೊದಲ ಕೆಲಸ ಕೋರ್‌ನ ಕೆಳಗೆ, ಮ್ಯಾನಿಫೋಲ್ಡ್ ಗೋಡೆಯಲ್ಲಿ ಇನ್ನೊಂದು ಸೆನ್ಸರ್ ಕೂರಿಸುವುದು. ಇದಕ್ಕೆ ತುದಿ ತೆರೆದಿರುವ, ಥರ್ಮಿಸ್ಟರ್ ಮಣಿ ಗಾಳಿಗೆ ನೇರ ತಾಗುವ ಮಾದರಿಯೇ ಬೇಕು. ಹಿತ್ತಾಳೆ ಟೊಪ್ಪಿಯೊಳಗೆ ಮುಚ್ಚಿರುವ ಕೂಲೆಂಟ್ ಸೆನ್ಸರನ್ನು ಇಲ್ಲಿಗೆ ಹಾಕಿದರೆ ಹನ್ನೆರಡು ಸೆಕೆಂಡಿನ ಓಟ ಮುಗಿದ ಮೇಲೆ ಅದು ಏರಲು ಶುರುಮಾಡುತ್ತದೆ. ಜಿಎಂ ಸೆನ್ಸರಾದರೆ 20° ಸೆ.ನಲ್ಲಿ ಸುಮಾರು 3,500 ಓಮ್, 40°ಯಲ್ಲಿ ಸುಮಾರು 1,460 ಓಮ್ ತೋರಿಸಬೇಕು. ಬಿಗಿಯುವ ಮೊದಲು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಜತೆಗೆ ಕೋರ್‌ಗೆ ನೀರು ಹೋಗುವ ಮತ್ತು ಬರುವ ಎರಡೂ ಪೈಪುಗಳಿಗೆ ಒಂದೊಂದು ಉಷ್ಣತಾ ಸೆನ್ಸರ್ ಹಾಕಲಾಯಿತು.

ಪರೀಕ್ಷೆ ವಾಹನ ಸಂಚಾರವಿಲ್ಲದ ಮುಚ್ಚಿದ ರಸ್ತೆಯಲ್ಲಿ, ಹೊರಗಿನ ಉಷ್ಣತೆ 35° ಇದ್ದಾಗ. ಎರಡು, ಮೂರನೇ ಗೇರುಗಳಲ್ಲಿ 12 ಸೆಕೆಂಡಿನ ಪೂರ್ಣ ಓಟ, ಬಳಿಕ ಒಂದು ನಿಮಿಷ ನಿಧಾನ ಚಾಲನೆ, ಮತ್ತೆ ಓಟ. ಮೂರು ಓಟಗಳ ಕೊನೆಗೆ ಮ್ಯಾನಿಫೋಲ್ಡ್ ಗಾಳಿ 80°, 86°, 90°. ಕೋರ್‌ಗೆ ಹೋಗುವ ನೀರು 54°, 62°, 68°. ನಾಕ್ ಕಾರಣಕ್ಕೆ ಕಂಪ್ಯೂಟರ್ ಇಳಿಸಿದ ಟೈಮಿಂಗ್ 1, 3, 5 ಡಿಗ್ರಿ. ಎರಡನೇ ಗೇರಿನಲ್ಲಿ 3000ದಿಂದ 5500 ಆರ್‌ಪಿಎಂ ತಲುಪಲು ಹಿಡಿದದ್ದು 6.0, 6.2, 6.4 ಸೆಕೆಂಡು. ದೂರು ಕಾಗದದ ಮೇಲೆ ಬಂತು.

ಬೂಸ್ಟ್ ಮೀಟರ್ ಏರುತ್ತಿತ್ತು

ಇದೇ ಮೂರು ಓಟಗಳಲ್ಲಿ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಮ್ಯಾನಿಫೋಲ್ಡಿನಲ್ಲಿ ಹೆಚ್ಚಿರುವ ಒತ್ತಡ, 54, 55, 56 ಕಿಲೋಪ್ಯಾಸ್ಕಲ್ (ಸುಮಾರು 8 ಪಿಎಸ್‌ಐ). ಎಳೆತ ಇಳಿಯುತ್ತಿದೆ, ಬೂಸ್ಟ್ ಏರುತ್ತಿದೆ. ಬೆಲ್ಟ್ ಜಾರುತ್ತಿದ್ದರೆ ಇದು ತಿರುಗಾಮುರುಗಾ ಆಗಬೇಕಿತ್ತು. ಹಾಗಾಗಿ ಬೆಲ್ಟ್ ಮೇಲಿನ ಅನುಮಾನ ಇಲ್ಲಿಗೇ ಮುಗಿಯಿತು.

ಏರಿಕೆಗೆ ಕಾರಣ ಬ್ಲೋವರಿನ ಸ್ವಭಾವ. ರೂಟ್ಸ್, ಟಿವಿಎಸ್, ಟ್ವಿನ್ ಸ್ಕ್ರೂ, ಈ ಮೂರೂ ಒಂದು ಸುತ್ತಿಗೆ ಇಷ್ಟು ಎಂದು ಅಳೆದು ಗಾಳಿ ತಳ್ಳುವಂಥವು. ಎಷ್ಟು ತೂಕದ ಗಾಳಿ ಒಳಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಬ್ಲೋವರಿನ ಬಾಯಲ್ಲಿರುವ ಗಾಳಿಯ ಸಾಂದ್ರತೆ ಮತ್ತು ಪುಲ್ಲಿ ಅನುಪಾತ. ಅಷ್ಟೂ ಗಾಳಿ ಎಂಜಿನ್ ಮೂಲಕ ಹೋಗಲೇಬೇಕು. ಗಾಳಿ ಬಿಸಿಯಾಗಿದ್ದರೆ ಅಷ್ಟೇ ತೂಕಕ್ಕೆ ಹೆಚ್ಚು ಜಾಗ ಬೇಕು. ಸಿಲಿಂಡರಿನ ಜಾಗ ಬದಲಾಗದ್ದರಿಂದ ಒತ್ತಡ ಏರುತ್ತದೆ. ಇಂಟರ್‌ಕೂಲರ್ ಕೆಟ್ಟಷ್ಟೂ ಮೀಟರಿನ ಮುಳ್ಳು ಮೇಲೆ ಹೋಗುತ್ತದೆ.

'ಹತ್ತು ಡಿಗ್ರಿ ಇಳಿಸಿದರೆ ಶೇ 3ರಷ್ಟು ಹೆಚ್ಚು ಗಾಳಿ' ಎಂಬ ಮಾತು ಚಾಲ್ತಿಯಲ್ಲಿದೆ. ಈ ಬಗೆಯ ಬ್ಲೋವರಿನಲ್ಲಿ ಅದು ಬ್ಲೋವರಿನ ಮುಂಚಿನ ಗಾಳಿಗೆ ಸಲ್ಲುತ್ತದೆ, ನಂತರದ ಗಾಳಿಗಲ್ಲ. ನಂತರದ ಗಾಳಿ ಬಿಸಿಯಾದರೆ ಆಗುವ ನಷ್ಟ ಬೇರೆ: ನಾಕಿಂಗ್, ಅದರಿಂದ ಟೈಮಿಂಗ್ ಕಡಿತ, ಮತ್ತು ಏರಿದ ಒತ್ತಡದ ಎದುರು ಬ್ಲೋವರ್ ತಿರುಗಿಸಲು ಬೆಲ್ಟ್ ತಿನ್ನುವ ಹೆಚ್ಚುವರಿ ಶಕ್ತಿ.

ದಕ್ಷತೆಯ ಲೆಕ್ಕ

ರೂಟ್ಸ್ ಬ್ಲೋವರ್ ತನ್ನೊಳಗೆ ಗಾಳಿಯನ್ನು ಅದುಮುವುದಿಲ್ಲ. ಎರಡು ಹಲ್ಲುಗಳ ನಡುವೆ ಸಿಕ್ಕ ಗಾಳಿಯನ್ನು ಹಾಗೇ ಹೊತ್ತು ಆಚೆ ಬದಿಗೆ ಒಯ್ಯುತ್ತದೆ. ಆ ಗೂಡು ಮ್ಯಾನಿಫೋಲ್ಡ್ ಕಡೆಗೆ ತೆರೆದ ಕ್ಷಣ ಅಲ್ಲಿನ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ ಗೂಡು ತುಂಬುತ್ತದೆ, ರೋಟರ್ ಅದನ್ನೂ ಸೇರಿಸಿ ಮತ್ತೆ ತಳ್ಳಬೇಕು. ಈ ಇಮ್ಮಡಿ ಕೆಲಸವೇ ಬಿಸಿಯಾಗಿ ಹೊರಬರುತ್ತದೆ. ಎಮ್112ರಲ್ಲಿ ಮೂರು ಹಲ್ಲು, 60 ಡಿಗ್ರಿ ತಿರುಚು. ಟಿವಿಎಸ್‌ನಲ್ಲಿ ನಾಲ್ಕು ಹಲ್ಲು, 160 ಡಿಗ್ರಿ ತಿರುಚು; ಹಿಂದಕ್ಕೆ ನುಗ್ಗುವ ಗಾಳಿ ಒಂದೇ ಏಟಿಗೆ ಬಡಿಯದೆ ಹಂತ ಹಂತವಾಗಿ ಸೇರುತ್ತದೆ, ಸದ್ದೂ ಕಡಿಮೆ, ಬಿಸಿಯೂ ಕಡಿಮೆ.

ಅಂಕಿಯಲ್ಲಿ ನೋಡೋಣ. ಬ್ಲೋವರ್ ಬಾಯಲ್ಲಿ ಗಾಳಿ 40° ಸೆ., ಅಂದರೆ 313 ಕೆಲ್ವಿನ್. ಒತ್ತಡ 98 ಕಿಲೋಪ್ಯಾಸ್ಕಲ್. ಹೊರಬರುವಾಗ 154. ಒತ್ತಡದ ಅನುಪಾತ 1.57. ಇದನ್ನು 0.286ರ ಘಾತಕ್ಕೆ ಏರಿಸಿದರೆ 1.138. ನಷ್ಟವೇ ಇಲ್ಲದ ಬ್ಲೋವರಾಗಿದ್ದರೆ ಗಾಳಿ 313 × 0.138, ಅಂದರೆ 43° ಏರುತ್ತಿತ್ತು. ಈ ವೇಗದಲ್ಲಿ ಎಮ್112ಕ್ಕೆ ಶೇ 55 ದಕ್ಷತೆ ಹಿಡಿದರೆ ಏರಿಕೆ 78°, ಹೊರಬರುವ ಗಾಳಿ 118°. ಟಿವಿಎಸ್‌ಗೆ ಶೇ 70 ಹಿಡಿದರೆ ಏರಿಕೆ 61°, ಗಾಳಿ 101°. ವ್ಯತ್ಯಾಸ 17°. ಬ್ಲೋವರ್ ಮಾರುವವರ ಪಟ್ಟಿಯಲ್ಲಿ ಕಾಣುವುದು ಈ 17°.

ಆದರೆ ನಡುವೆ ಇಂಟರ್‌ಕೂಲರ್ ಇದೆ. ಒಳಬಂದ ಗಾಳಿಗೂ ನೀರಿಗೂ ಇರುವ ಅಂತರದಲ್ಲಿ ಶೇ 78ರಷ್ಟನ್ನು ಕೋರ್ ಕಳೆಯುತ್ತದೆ ಎಂದುಕೊಳ್ಳಿ, ನೀರು 41° ಇರಲಿ. ಎಮ್112ರ 118° ಗಾಳಿ 58°ಗೆ ಇಳಿಯುತ್ತದೆ; ಟಿವಿಎಸ್‌ನ 101° ಗಾಳಿ 54°ಗೆ. ಹದಿನೇಳು ಡಿಗ್ರಿ ನಾಲ್ಕಾಯಿತು. ಮೂರನೇ ಓಟದಲ್ಲಿದ್ದ ಹಾಗೆ ನೀರೇ 68° ಇದ್ದು, ಕೋರ್ ಶೇ 63ರಷ್ಟು ಮಾತ್ರ ಕೆಲಸ ಮಾಡುತ್ತಿದ್ದರೆ ಎಂಥ ಬ್ಲೋವರ್ ತಂದರೂ ಸಿಲಿಂಡರಿಗೆ 80°ಯ ಆಸುಪಾಸಿನ ಗಾಳಿಯೇ ಸಿಗುವುದು. ಇಲ್ಲಿ ಕೆಟ್ಟಿರುವುದು ನೀರಿನ ಬದಿ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿರಲಿಲ್ಲ.

ನೀರಿನ ದಾರಿಯಲ್ಲಿ ಸಿಕ್ಕಿದ್ದು

ಕೋರ್‌ನ ಎರಡು ಪೈಪುಗಳ ನಡುವೆ ಓಟದ ಕೊನೆಗೆ 26° ಅಂತರವಿತ್ತು. ಇಷ್ಟು ಅಂತರ ಕಂಡರೆ ಹೆಚ್ಚು ಯೋಚಿಸಬೇಕಿಲ್ಲ: ನೀರು ಹರಿಯುತ್ತಿಲ್ಲ, ತೆವಳುತ್ತಿದೆ. ಬಕೆಟ್ ಪರೀಕ್ಷೆ ಮಾಡಲಾಯಿತು. ಹಿಂತಿರುಗುವ ಪೈಪು ಬಿಚ್ಚಿ, ಬಕೆಟ್ಟಿಗೆ ಬಿಟ್ಟು, ಇನ್ನೊಂದು ಕಡೆ ನೀರು ಸುರಿಯುತ್ತಾ 30 ಸೆಕೆಂಡು ಪಂಪು ಓಡಿಸಿದರೆ ನಾಲ್ಕೂವರೆ ಲೀಟರ್ ಬಂತು. ನಿಮಿಷಕ್ಕೆ 9 ಲೀಟರ್. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದ ನೀರಿಗೆ ಪ್ರತಿ ಕಿಲೋಗೆ ಸುಮಾರು 3.45 ಕಿಲೋಜೂಲ್ ಉಷ್ಣಧಾರಣೆ. 9 ಲೀಟರ್ ಹರಿವು ಒಂದು ಡಿಗ್ರಿ ಏರಿಕೆಗೆ 0.55 ಕಿಲೋವ್ಯಾಟ್ ಮಾತ್ರ ಹೊರುತ್ತದೆ. ಕೋರ್ ತೆಗೆಯಬೇಕಾದದ್ದು 15 ಕಿಲೋವ್ಯಾಟಿಗೆ ಕಡಿಮೆಯಿಲ್ಲ. ಭಾಗಿಸಿದರೆ 27°. ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು.

ಹರಿವು ಯಾಕೆ ಕಡಿಮೆ? ಒಂದೇ ಕಾರಣವಿರಲಿಲ್ಲ.

ಪಂಪಿನ ತುದಿಯಲ್ಲಿ ಮೀಟರ್ ಹಿಡಿದರೆ 11.1 ವೋಲ್ಟ್, ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 13.9. ಒಂದು ಚದರ ಮಿ.ಮೀ.ನ ತೆಳು ವೈರು, ಡ್ಯಾಶ್‌ಬೋರ್ಡಿನ ಫ್ಯೂಸ್ ಪೆಟ್ಟಿಗೆಯಿಂದ ಮುಂದಿನ ಬಂಪರ್ ತನಕ, ಅರ್ತ್ ಮಾತ್ರ ಬಣ್ಣ ಬಳಿದ ಬ್ರಾಕೆಟ್ಟಿಗೆ. ಎರಡೂ ಕಡೆ ಸೇರಿ 2.8 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಪಂಪು ಕೂತಿದ್ದ ಜಾಗ ಮುಂದಿನ ರೇಡಿಯೇಟರಿನ ಮೇಲಿನ ಅಂಚಿಗಿಂತ ಎತ್ತರ. ಈ ಪಂಪುಗಳು ಖಾಲಿಯಿದ್ದಾಗ ತಾವಾಗಿ ನೀರೆಳೆದುಕೊಳ್ಳುವಂಥವಲ್ಲ. ಬಾಯಿಗೆ ಮೇಲಿನಿಂದ ನೀರು ಬಂದು ನಿಂತಿರಬೇಕು. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು 3 ಆಂಪಿಯರ್ ಸುತ್ತ ಕುಣಿಯುತ್ತಿತ್ತು, ಒಂದು ಕಡೆ ನಿಲ್ಲುತ್ತಿರಲಿಲ್ಲ. ನೀರು ತುಂಬಿದ ಪಂಪು ಹೆಚ್ಚು ಕರೆಂಟು ಎಳೆಯುತ್ತದೆ, ಮತ್ತು ಸ್ಥಿರವಾಗಿ ಎಳೆಯುತ್ತದೆ. ಕುಣಿಯುವ ಕಡಿಮೆ ಕರೆಂಟು ಏರ್‌ಲಾಕ್‌ನ ಗುರುತು. ಪಂಪಿಗೆ ಕಿವಿಯಿಟ್ಟರೆ ಜಲ್ಲಿ ಕಲಕಿದ ಸದ್ದೂ ಇತ್ತು.

ಗಾಳಿ ಬಂದದ್ದಾದರೂ ಹೇಗೆ? ನೀರು ತುಂಬುವ ಮುಚ್ಚಳ ಕೋರ್‌ಗಿಂತ ತಗ್ಗಿನಲ್ಲಿತ್ತು. ಈ ವ್ಯವಸ್ಥೆಯಲ್ಲಿ ಅತಿ ಎತ್ತರದ ಜಾಗ ಮ್ಯಾನಿಫೋಲ್ಡಿನ ಕೋರ್. ತಗ್ಗಿನಿಂದ ಎಷ್ಟೇ ನೀರು ಸುರಿದರೂ ಗಾಳಿ ಅಲ್ಲಿಯೇ ಉಳಿಯುತ್ತದೆ. ಕೋರ್‌ನ ಮೇಲಿನ ಸಾಲುಗಳು ನೀರನ್ನೇ ಕಾಣದೆ ಒಣಗಿದ್ದಿರಬೇಕು. ಶೇ 63ರ ಅಂಕಿಗೆ ಅರ್ಧ ವಿವರಣೆ ಇಲ್ಲೇ ಇದೆ.

ಇನ್ನು ಮುಂದಿನ ರೇಡಿಯೇಟರ್. ಅದರ ಮೇಲರ್ಧಕ್ಕೆ ಅಡ್ಡಲಾಗಿ ಯಾರೋ ಗೇರ್‌ಬಾಕ್ಸ್ ಆಯಿಲ್ ಕೂಲರ್ ಕೂರಿಸಿದ್ದರು. 90°ಯ ಎಣ್ಣೆ ತಣಿಸಿ ಬಂದ ಬಿಸಿಗಾಳಿ ನೇರ ಇಂಟರ್‌ಕೂಲರ್ ನೀರಿಗೆ. ಸುತ್ತಲೂ ನಾಲ್ಕು ಬೆರಳಿನಷ್ಟು ಸಂದು ಬೇರೆ; ಗಾಳಿ ರೇಡಿಯೇಟರಿನ ರೆಕ್ಕೆಗಳ ನಡುವೆ ನುಸುಳುವ ಕಷ್ಟ ಪಡದೆ ಪಕ್ಕದಿಂದ ಸಾಗುತ್ತಿತ್ತು. ಮೂರನೇ ಓಟದ ನಂತರ ನೀರು 68°ಯಿಂದ 40°ಗೆ ಇಳಿಯಲು ಒಂಬತ್ತು ನಿಮಿಷದ ಮೇಲೆ ಹಿಡಿಯಿತು.

ಬೂಸ್ಟ್ ಬೇಡದಾಗ ಗಾಳಿಯನ್ನು ಬ್ಲೋವರಿನ ಪಕ್ಕದಿಂದ ದಾಟಿಸುವ ಬೈಪಾಸ್ ವಾಲ್ವನ್ನೂ ನೋಡಲಾಯಿತು. ಹಗುರ ಚಾಲನೆಯಲ್ಲಿ ಅದು ಪೂರ್ತಿ ತೆರೆದಿರಬೇಕು, ಇಲ್ಲವಾದರೆ ಬ್ಲೋವರ್ ಸುಮ್ಮನೆ ಗಾಳಿ ಕಡೆಯುತ್ತಾ ಮ್ಯಾನಿಫೋಲ್ಡನ್ನು ಕಾಯಿಸುತ್ತಿರುತ್ತದೆ. ಕೈ ವ್ಯಾಕ್ಯೂಮ್ ಪಂಪು ಜೋಡಿಸಿ ಎಳೆದಾಗ ಸರಳು ತುದಿ ತನಕ ಹೋಗಿ ಅಲ್ಲೇ ನಿಂತಿತು, ಡಯಾಫ್ರಂ ಸೋರುತ್ತಿರಲಿಲ್ಲ.

ರಿಪೇರಿ, ಒಂದೊಂದಾಗಿ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಎಷ್ಟು ಕೊಟ್ಟಿತು ಎಂದು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಹಂತಕ್ಕೂ ಬಕೆಟ್ ಪರೀಕ್ಷೆ.

ಮೊದಲು ವೈರು. ಬ್ಯಾಟರಿಯಿಂದ ನೇರ 15 ಆಂಪಿಯರ್ ಫ್ಯೂಸ್, ರಿಲೇ, 4 ಚದರ ಮಿ.ಮೀ. ವೈರು, ಅರ್ತ್ ಕೂಡ ಅದೇ ದಪ್ಪದಲ್ಲಿ ಬ್ಯಾಟರಿಗೇ ವಾಪಸ್. ರಿಲೇಗೆ ಸಂಕೇತ ಇಗ್ನಿಷನ್‌ನಿಂದ, ಅಂದರೆ ಎಂಜಿನ್ ಓಡುವಷ್ಟು ಹೊತ್ತೂ ಪಂಪು ಓಡುತ್ತದೆ. ಪಂಪಿನಲ್ಲಿ 13.6 ವೋಲ್ಟ್ ಸಿಕ್ಕಿತು, ಹರಿವು 9ರಿಂದ 12 ಲೀಟರಿಗೆ ಏರಿತು. ಬೂಸ್ಟ್ ಬಂದಾಗ ಮಾತ್ರ ಪಂಪು ಓಡಿಸುವ ಸ್ವಿಚ್ ಹಾಕುವವರಿದ್ದಾರೆ. ಅದು ತಪ್ಪು ಉಳಿತಾಯ. ನೀರು ತಣಿಯಬೇಕಾದದ್ದು ಎರಡು ಓಟಗಳ ನಡುವೆ.

ಆಮೇಲೆ ಪಂಪನ್ನು ಬಂಪರ್ ಕೆಳಗೆ, ವ್ಯವಸ್ಥೆಯ ಅತಿ ತಗ್ಗಿನ ಜಾಗಕ್ಕೆ ಇಳಿಸಲಾಯಿತು. ಮೂರೂವರೆ ಲೀಟರಿನ ತೊಟ್ಟಿಯೊಂದನ್ನು ಬಾನೆಟ್ ಅಡಿಯಲ್ಲಿ, ಅದರ ಮುಚ್ಚಳ ಕೋರ್‌ಗಿಂತ ಎತ್ತರಕ್ಕೆ ಬರುವಂತೆ ಕೂರಿಸಲಾಯಿತು. ನೀರಿನ ಕ್ರಮ ಹೀಗೆ: ಕೋರ್‌ನಿಂದ ಮುಂದಿನ ರೇಡಿಯೇಟರ್, ಅಲ್ಲಿಂದ ತೊಟ್ಟಿ, ತೊಟ್ಟಿಯ ತಳದಿಂದ ಪಂಪು, ಪಂಪಿನಿಂದ ಕೋರ್. ಗಾಳಿ ಹೊರಹಾಕಲು ವ್ಯಾಕ್ಯೂಮ್ ಫಿಲ್ಲರ್ ಬಳಸಿ ಇಡೀ ವ್ಯವಸ್ಥೆಯನ್ನು ಋಣ 85 ಕಿಲೋಪ್ಯಾಸ್ಕಲ್‌ಗೆ ಎಳೆದು, ಐದು ನಿಮಿಷ ಮುಳ್ಳು ಕದಲದಿರುವುದನ್ನು ನೋಡಿ, ನಂತರ ಕೂಲೆಂಟ್ ಒಳಬಿಡಲಾಯಿತು. ಹರಿವು 17 ಲೀಟರ್. ಪಂಪಿನ ಕರೆಂಟು 6 ಆಂಪಿಯರ್ ದಾಟಿ ಅಲ್ಲೇ ನಿಂತಿತು.

ಕೊನೆಗೆ ಪೈಪು. 16 ಮಿ.ಮೀ. ಪೈಪುಗಳ ಬದಲು 19 ಮಿ.ಮೀ., ಚೂಪಾಗಿ 90 ಡಿಗ್ರಿ ತಿರುಗುವ ಎರಡು ಜೋಡಣೆಗಳ ಬದಲು ಅಗಲವಾಗಿ ಬಾಗುವ ರಬ್ಬರ್ ಪೈಪು. 22 ಲೀಟರ್ ಬಂತು. ಹೊಸ ಪಂಪು ಕೊಳ್ಳಬೇಕಾಗಲೇ ಇಲ್ಲ.

ನೀರು ಹೆಪ್ಪುಗಟ್ಟದ ಹವೆಯಾದ್ದರಿಂದ ಗ್ಲೈಕಾಲ್ ಪ್ರಮಾಣವನ್ನು ಶೇ 25ಕ್ಕೆ ಇಳಿಸಿ, ಉಳಿದದ್ದು ಡಿಸ್ಟಿಲ್ಡ್ ವಾಟರ್. ಬರೀ ನೀರು ಇನ್ನೂ ಹೆಚ್ಚು ಶಾಖ ಹೊರುತ್ತದಾದರೂ ಅಲ್ಯುಮಿನಿಯಂ ಕೋರ್ ಸವೆಯದಿರಲು ಕೂಲೆಂಟಿನಲ್ಲಿರುವ ತುಕ್ಕು ನಿರೋಧಕ ಬೇಕು. ನಲ್ಲಿ ನೀರು ಹಾಕಬಾರದು. ಆಯಿಲ್ ಕೂಲರನ್ನು ಪಕ್ಕಕ್ಕೆ ಸರಿಸಿ, ರೇಡಿಯೇಟರ್ ಸುತ್ತಲಿನ ಸಂದುಗಳಿಗೆ ಫೋಮ್ ಪಟ್ಟಿ ಅಂಟಿಸಲಾಯಿತು. ಏರ್ ಫಿಲ್ಟರ್ ಪೆಟ್ಟಿಗೆಯ ಮುರಿದ ರಬ್ಬರನ್ನೂ ಬದಲಿಸಲಾಯಿತು; ನಿಧಾನ ಚಾಲನೆಯಲ್ಲಿ ಬ್ಲೋವರ್ ಬಾಯಿಗೆ ಬರುತ್ತಿದ್ದ 46°ಯ ಗಾಳಿ 40°ಗೆ ಇಳಿಯಿತು. ಮೇಲೆ ಹೇಳಿದ ಶೇ 3ರ ಲೆಕ್ಕ ನಿಜವಾಗಿ ಸಲ್ಲುವುದು ಇಲ್ಲಿ.

ಜಾಗ್ರತೆಯ ಒಂದು ಮಾತು. ಕೋರ್ ಮ್ಯಾನಿಫೋಲ್ಡ್ ಒಳಗಿರುವುದರಿಂದ ಅದು ಸೋರಿದರೆ ಕೂಲೆಂಟ್ ನೇರ ಸಿಲಿಂಡರಿಗೆ ಹೋಗುತ್ತದೆ. ರಾತ್ರಿ ನಿಲ್ಲಿಸಿದಾಗ ಒಂದು ಸಿಲಿಂಡರ್ ತುಂಬಿಕೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೈಪು ಬಿಚ್ಚಿದಾಗಲೆಲ್ಲ ಕೋರ್‌ಗೆ 100 ಕಿಲೋಪ್ಯಾಸ್ಕಲ್ ಗಾಳಿ ತುಂಬಿ ಕಾಲು ಗಂಟೆ ನಿಲ್ಲಿಸಿ ನೋಡುವುದು ಕಡ್ಡಾಯ. ತೊಟ್ಟಿಯ ಮಟ್ಟ ಕಾರಣವಿಲ್ಲದೆ ಇಳಿದರೆ ಮೇಲೆ ತುಂಬಿ ಸುಮ್ಮನಾಗಬಾರದು.

ಅದೇ ಬ್ಲೋವರ್, ಮತ್ತೆ ಮೂರು ಓಟ

ಹೊರಗೆ ಮತ್ತೆ 35°. ಮ್ಯಾನಿಫೋಲ್ಡ್ ಗಾಳಿ 58°, 61°, 62°. ಕೋರ್‌ಗೆ ಹೋಗುವ ನೀರು 41°, 44°, 46°. ಟೈಮಿಂಗ್ ಕಡಿತ ಮೊದಲೆರಡರಲ್ಲಿ ಇಲ್ಲ, ಮೂರನೆಯದರಲ್ಲಿ ಒಂದು ಡಿಗ್ರಿ ಬಂದು ಹೋಯಿತು. ಸಮಯ 5.8, 5.8, 5.9 ಸೆಕೆಂಡು. ಓಟ ಮುಗಿದು ನೀರು 40°ಗೆ ಮರಳಲು ಒಂದೂವರೆ ನಿಮಿಷ ಸಾಕಾಯಿತು.

ಬೂಸ್ಟ್ 48ಕ್ಕೆ ಇಳಿಯಿತು. ಇದನ್ನು ಕಂಡು ಮಾಲೀಕರು ಎಲ್ಲೋ ಗಾಳಿ ಸೋರುತ್ತಿದೆ ಎಂದು ಗಾಬರಿಯಾದರು. ಸೋರಿಕೆಯಲ್ಲ, ಅಷ್ಟೇ ಗಾಳಿ ತಣ್ಣಗಾಗಿ ಕಡಿಮೆ ಜಾಗದಲ್ಲಿ ಕೂತಿದೆ. ಒತ್ತಡದ ಅನುಪಾತ 1.65ರಿಂದ 1.57ಕ್ಕೆ ಇಳಿದದ್ದರಿಂದ ಬ್ಲೋವರ್ ತಿರುಗಿಸುವ ಶಕ್ತಿಯಲ್ಲೂ 3 ಕಿಲೋವ್ಯಾಟಿನಷ್ಟು ಉಳಿತಾಯ.

ಹರಿವು ಮತ್ತು ತೊಟ್ಟಿ ಜತೆಗೂಡಿ ಮಾಡುವ ಕೆಲಸ ಇಲ್ಲಿ ಗಮನಿಸುವಂಥದು. ನಿಮಿಷಕ್ಕೆ 22 ಲೀಟರ್ ಎಂದರೆ 12 ಸೆಕೆಂಡಿಗೆ 4.4 ಲೀಟರ್. ಒಟ್ಟು ನೀರು 6.8 ಲೀಟರ್. ಓಟದ ಉದ್ದಕ್ಕೂ ಕೋರ್‌ಗೆ ಹೋಗುವುದು ತೊಟ್ಟಿಯಲ್ಲೂ ರೇಡಿಯೇಟರಿನಲ್ಲೂ ಮೊದಲೇ ನಿಂತಿದ್ದ ತಣ್ಣನೆಯ ನೀರು. ಒಮ್ಮೆ ಬಿಸಿಯಾದ ನೀರು ಓಟ ಮುಗಿಯುವ ತನಕ ಕೋರ್‌ಗೆ ಮರಳುವುದೇ ಇಲ್ಲ. ಆದರೆ ತೊಟ್ಟಿ ಕೈಗಡ ಇದ್ದ ಹಾಗೆ, ಹೊತ್ತಿಗೆ ಆಗುತ್ತದೆ, ತೀರಿಸುವುದು ರೇಡಿಯೇಟರಿನ ಪಾಲಿಗೆ. ಟ್ರೇಲರ್ ಕಟ್ಟಿಕೊಂಡು ಹತ್ತು ನಿಮಿಷ ಏರು ಹತ್ತುವಾಗ ತೊಟ್ಟಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಅಲ್ಲಿ ಬೂಸ್ಟ್ 20 ಕಿಲೋಪ್ಯಾಸ್ಕಲ್, ಕೋರ್ ತೆಗೆಯಬೇಕಾದದ್ದು ಸುಮಾರು 3 ಕಿಲೋವ್ಯಾಟ್ ಅಷ್ಟೆ, ಆದರೆ ಬಿಡುವಿಲ್ಲದೆ ತೆಗೆಯಬೇಕು. ಅಲ್ಲಿ ಎಣಿಕೆಗೆ ಬರುವುದು ರೇಡಿಯೇಟರಿನ ಅಳತೆ ಮತ್ತು ಅದರ ಮೇಲೆ ಬೀಸುವ ಗಾಳಿ.

ಹೊಸ ಸೆನ್ಸರಿನ ಸಂಕೇತವನ್ನು ಕಂಪ್ಯೂಟರಿಗೆ ಕೊಡಲಾಯಿತು. ಸೆನ್ಸರ್ ಜಾಗ ಬದಲಿಸಿದರೆ ಕಂಪ್ಯೂಟರಿನೊಳಗಿನ ಲೆಕ್ಕದ ಟೇಬಲ್‌ಗಳೂ ಬದಲಾಗಬೇಕು: ಉಷ್ಣತೆಗೆ ತಕ್ಕ ಟೈಮಿಂಗ್ ಕಡಿತವನ್ನು ಮೊದಲಿನ ಹಾಗೆ 40°ಯಿಂದ ಶುರುಮಾಡಿದರೆ ಟ್ರಕ್ಕು ಸದಾ ಮಂದವಾಗಿರುತ್ತದೆ. ಇಲ್ಲಿ 65°ಯಿಂದ ಶುರುಮಾಡಿ 90°ಗೆ 6 ಡಿಗ್ರಿ ತನಕ ಕಡಿತ ಇಡಲಾಯಿತು. ಗಾಳಿಯ ಉಷ್ಣತೆಯನ್ನು ಆಧರಿಸಿದ ಪೆಟ್ರೋಲ್ ಲೆಕ್ಕವನ್ನೂ ಇದರ ಜತೆ ಸರಿಹೊಂದಿಸದಿದ್ದರೆ ಬಿಸಿ ಎಂಜಿನ್ ಮರು ಸ್ಟಾರ್ಟ್ ಆದಾಗ ಮಿಶ್ರಣ ತೆಳುವಾಗುತ್ತದೆ, ಏಕೆಂದರೆ ನಿಂತ ಟ್ರಕ್ಕಿನಲ್ಲಿ ಆ ಸೆನ್ಸರ್ ಗಾಳಿಯನ್ನಲ್ಲ, ಸುತ್ತಲಿನ ಲೋಹವನ್ನು ಅಳೆಯುತ್ತಿರುತ್ತದೆ.

ಬ್ಲೋವರ್ ಬದಲಿಸಿದಾಗ

ಮಾಲೀಕರು ಟಿವಿಎಸ್ 1900 ಆಸೆ ಬಿಡಲಿಲ್ಲ, ಹಾಗಾಗಿ ಹೋಲಿಕೆಗೆ ಅವಕಾಶವೂ ಸಿಕ್ಕಿತು. ಅದೇ ಪುಲ್ಲಿ ಇಟ್ಟು ಹೋಲಿಸಿದರೆ ಅರ್ಥವಿಲ್ಲ: ಸುತ್ತಿಗೆ 1.9 ಲೀಟರ್, ಒಳಸೋರಿಕೆಯೂ ಕಡಿಮೆ, ಹಾಗಾಗಿ ಬೂಸ್ಟ್ ಏರಿಬಿಡುತ್ತದೆ. ಹಳೆಯದು ಸೋರಿಕೆ ಕಳೆದು ಶೇ 86ರಷ್ಟು ಗಾಳಿ ದಾಟಿಸುತ್ತಿದ್ದರೆ ಹೊಸದು ಶೇ 93. ಅಷ್ಟೇ ಗಾಳಿಗೆ ಬ್ಲೋವರ್ 10,400ರಲ್ಲಿ ತಿರುಗಿದರೆ ಸಾಕು; 100 ಮಿ.ಮೀ. ಪುಲ್ಲಿ ಹಾಕಲಾಯಿತು.

ಬೂಸ್ಟ್ 47. ಮ್ಯಾನಿಫೋಲ್ಡ್ ಗಾಳಿ 54°, 57°, 58°. ಮೂರೂ ಓಟ 5.7 ಸೆಕೆಂಡು. ಲೆಕ್ಕದ ಪ್ರಕಾರ ಬ್ಲೋವರ್ ತಿನ್ನುವ ಶಕ್ತಿ 26ರಿಂದ 21 ಕಿಲೋವ್ಯಾಟಿಗೆ ಇಳಿಯಬೇಕು. ಬಂದ ಲಾಭ ಬಹುಪಾಲು ಅದೇ. ಜತೆಗೆ ಕೋರ್ ಹೊರಬೇಕಾದ ಬಿಸಿ 20ರಿಂದ 16 ಕಿಲೋವ್ಯಾಟಿಗೆ ಬಂತು. ಕೆಲಸಕ್ಕೆ ಬಾರದ್ದೇನಲ್ಲ. ಆದರೆ ವೈರು, ಪೈಪು, ತೊಟ್ಟಿ ಸೇರಿ ಮೂರನೇ ಓಟದಲ್ಲಿ ಅರ್ಧ ಸೆಕೆಂಡು ಕೊಟ್ಟವು; ಬ್ಲೋವರ್ ಕೊಟ್ಟದ್ದು ಅದರ ಅರ್ಧಕ್ಕೂ ಕಡಿಮೆ.

ಬೂಸ್ಟ್ ಹೆಚ್ಚಿಸುವ ಉದ್ದೇಶವಿದ್ದರೆ ಲೆಕ್ಕ ತಿರುಗುತ್ತದೆ. ಒತ್ತಡದ ಅನುಪಾತ 1.85ಕ್ಕೆ ಹೋದರೆ ಎಮ್112 ತನ್ನ ಒಳ್ಳೆಯ ವಲಯ ಬಿಟ್ಟು ಹೊರಬರುತ್ತದೆ. ಶೇ 50 ದಕ್ಷತೆಯಲ್ಲಿ ಗಾಳಿ 160°, ಶೇ 70ರಲ್ಲಿ 126°. ಆಗ ಅಂತರ 34°, ಆ ಬಿಸಿಯನ್ನು ಹೊರಲು ಬೇಕಾದ ನೀರು, ರೇಡಿಯೇಟರ್ ಎಲ್ಲವೂ ದೊಡ್ಡದು. ಸುಮಾರು 60 ಕಿಲೋಪ್ಯಾಸ್ಕಲ್ ದಾಟುವ ಯೋಜನೆಯಿದ್ದರೆ ಹಳೆಯ ರೋಟರಿಗೆ ಪುಟ್ಟ ಪುಲ್ಲಿ ಹಾಕಿ ತಿರುಗಿಸುವುದು ಬಿಸಿಗಾಳಿ ಒಲೆ ಕೊಂಡಂತೆಯೇ.

ಟ್ವಿನ್ ಸ್ಕ್ರೂ ಬಗ್ಗೆಯೂ ಮಾಲೀಕರು ಕೇಳಿದ್ದರು. ಅದು ರೋಟರ್‌ಗಳ ನಡುವೆಯೇ ಗಾಳಿಯನ್ನು ಅದುಮುತ್ತದೆ, ಹೆಚ್ಚು ಬೂಸ್ಟಿನಲ್ಲಿ ಅದರ ಕೈ ಮೇಲು. ಆದರೆ ಒಳಗೆ ಅದುಮುವ ಕೆಲಸ ಬೈಪಾಸ್ ತೆರೆದಾಗಲೂ ಪೂರ್ತಿ ನಿಲ್ಲುವುದಿಲ್ಲ, ಹಗುರ ಚಾಲನೆಯಲ್ಲಿ ಬೆಲ್ಟ್ ಸ್ವಲ್ಪ ಹೆಚ್ಚು ಎಳೆಯುತ್ತದೆ. ಸೆಂಟ್ರಿಫ್ಯೂಗಲ್ ಬಗೆಯದು ಗಾಳಿಯನ್ನು ಕಡಿಮೆ ಕಾಯಿಸುತ್ತದೆ, ಮುಂದೆ ಗಾಳಿಯಿಂದ ಗಾಳಿಗೆ ತಣಿಸುವ ಇಂಟರ್‌ಕೂಲರ್ ಇಟ್ಟು ನೀರಿನ ರಗಳೆಯನ್ನೇ ತಪ್ಪಿಸಬಹುದು. ಅದರ ಬೂಸ್ಟ್ ಸುಮಾರಾಗಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 6000ದಲ್ಲಿ ಕೊಡುವುದರ ಕಾಲು ಭಾಗ ಮಾತ್ರ 3000ದಲ್ಲಿ. ಟ್ರೇಲರ್ ಎಳೆಯುವ ಟ್ರಕ್ಕು ದಿನವಿಡೀ ಇರುವುದು ಆ 3000ದ ಕೆಳಗೇ, ಹಾಗಾಗಿ ಈ ವಾಹನಕ್ಕೆ ಅದು ಹೊಂದುವುದಿಲ್ಲ.

ಹೊಸ ಬ್ಲೋವರಿಗೆ 92 ಮಿ.ಮೀ. ಪುಲ್ಲಿ ಹಾಕುವ ಮಾತೂ ಬಂತು. ನೀರಿನ ಬದಿ ಅದನ್ನು ತಡೆದುಕೊಳ್ಳುತ್ತದೆ. ಆದರೆ ಈಗಲೇ 5500ರಲ್ಲಿ ಇಂಜೆಕ್ಟರ್‌ಗಳು ಶೇ 84ರಷ್ಟು ಹೊತ್ತು ತೆರೆದಿರುತ್ತವೆ, ಗಾಳಿ ಇನ್ನೂ ಶೇ 8ರಷ್ಟು ಹೆಚ್ಚಿದರೆ ಅವು ಮಿತಿ ಮುಟ್ಟುತ್ತವೆ. ದೊಡ್ಡ ಇಂಜೆಕ್ಟರ್ ಮತ್ತು ಪೆಟ್ರೋಲ್ ಪಂಪು ಬರುವ ತನಕ 100 ಮಿ.ಮೀ. ಪುಲ್ಲಿಯೇ ಇರಲಿ ಎಂದು ಬಿಡಲಾಯಿತು.